ಕ್ರೆಡಿಟ್ಟಿನ ಅರ್ಧ ಲೆಕ್ಕ ಯಾರೂ ಹೇಳುವುದಿಲ್ಲ

ಪದವಿಗೆ ಸೇರುವ ಮಕ್ಕಳು ಪ್ರವೇಶ ಸಮಿತಿಯ ಮೇಜಿನ ಮುಂದೆ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ‘ಸರ್, ಈ ಪೇಪರಿಗೆ ಎಷ್ಟು ಮಾರ್ಕ್ಸು?’ ಕ್ರೆಡಿಟ್ ಎಷ್ಟೆಂದು ಕೇಳುವವರು ಅಪರೂಪ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವ ನನಗೆ ಇದರಲ್ಲಿ ಮಕ್ಕಳ ತಪ್ಪೇನೂ ಕಾಣುವುದಿಲ್ಲ. ಪಿಯುಸಿಯಲ್ಲಿ ಎಲ್ಲ ವಿಷಯಕ್ಕೂ ನೂರು ಅಂಕ, ಎಲ್ಲಕ್ಕೂ ಒಂದೇ ತೂಕ. ಪದವಿಯಲ್ಲಿ ತೂಕ ಬೇರೆಬೇರೆ. ಅದನ್ನು ಕೂರಿಸಿಕೊಂಡು ಹೇಳುವವರಿಲ್ಲ.

ಮೊದಲು ಸುಲಭದ ಲೆಕ್ಕ. ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಗಂಟೆ ಪಾಠವಿದ್ದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ಪಾಸಾದರೆ ಆ ವಿಷಯದ ಅಷ್ಟೂ ಕ್ರೆಡಿಟ್ ಸಿಗುತ್ತದೆ, ಫೇಲಾದರೆ ಒಂದೂ ಇಲ್ಲ. ಗಡಿಯಲ್ಲಿ ಪಾಸಾದವನಿಗೂ ತರಗತಿಗೇ ಮೊದಲು ಬಂದವಳಿಗೂ ಕ್ರೆಡಿಟ್ ಸಮ. ವ್ಯತ್ಯಾಸ ಇರುವುದು ಗ್ರೇಡ್ ಪಾಯಿಂಟಿನಲ್ಲಿ. 4 ಕ್ರೆಡಿಟ್ಟಿನ ವಿಷಯದಲ್ಲಿ 9 ಪಾಯಿಂಟ್, 2 ಕ್ರೆಡಿಟ್ಟಿನದರಲ್ಲಿ 6 ಬಂದರೆ ಸರಾಸರಿ 8. ಅದೇ ಅದಲುಬದಲಾದರೆ 7. ‘ಸ್ಕೋರಿಂಗ್ ಪೇಪರ್’ ಎಂದು ಚಿಕ್ಕ ವಿಷಯದ ಬೆನ್ನು ಹತ್ತಿ ಮೇಜರ್ ವಿಷಯವನ್ನು ಕಡೆಗಣಿಸಿದವರಿಗೆ ಪೆಟ್ಟು ಬೀಳುವುದು ಇಲ್ಲೇ.

ಇಷ್ಟನ್ನು ಮೊದಲ ಮಾರ್ಕ್ಸ್ ಕಾರ್ಡೇ ಕಲಿಸಿಬಿಡುತ್ತದೆ. ನನ್ನ ತಕರಾರು ಉಳಿದರ್ಧದ್ದು. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ಟಿಗೆ 30 ಗಂಟೆಯ ಕಲಿಕೆ. ವರ್ಷಕ್ಕೆ 40 ಕ್ರೆಡಿಟ್, ಅಂದರೆ 1200 ಗಂಟೆ. 15 ವಾರಗಳ ಸೆಮಿಸ್ಟರಿನಲ್ಲಿ ಪಾಠದಿಂದ ದಕ್ಕುವುದು ಕ್ರೆಡಿಟ್ಟಿಗೆ 15 ಗಂಟೆ ಮಾತ್ರ. ಮಿಕ್ಕದ್ದನ್ನು ವಿದ್ಯಾರ್ಥಿಯೇ ಓದಿ, ಬರೆದು, ಲೆಕ್ಕ ಮಾಡಿ ತುಂಬಬೇಕು. 20 ಕ್ರೆಡಿಟ್ಟಿನ ಸೆಮಿಸ್ಟರಿನಲ್ಲಿ ವಾರಕ್ಕೆ 20 ಗಂಟೆ ತರಗತಿಯಾದರೆ, ಹೊರಗೆ ಇನ್ನೂ 20 ಗಂಟೆ.

ಆ ಇಪ್ಪತ್ತು ಗಂಟೆ ನಮ್ಮ ಮಕ್ಕಳಿಗೆ ಎಲ್ಲಿದೆ? ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗ ಮಧ್ಯಾಹ್ನದ ಮೇಲೆ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಾನೆ. ಹುಡುಗಿ ಮನೆಗೆ ಹೋಗಿ ಹಾಲು ಕರೆದು ಡೇರಿಗೆ ಹಾಕಬೇಕು. ಕಾಲೇಜಿನಲ್ಲೇ ಉಳಿದು ಓದೋಣವೆಂದರೆ ಗ್ರಂಥಾಲಯಕ್ಕೆ ಕಚೇರಿಯ ಜೊತೆಗೇ ಬೀಗ ಬೀಳುತ್ತದೆ. ಕೊನೆಗೆ ಪರೀಕ್ಷೆಯ ಹಿಂದಿನ ವಾರ ‘ಇಂಪಾರ್ಟೆಂಟ್ ಕ್ವೆಶ್ಚನ್ಸ್’ ಹಾಳೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತದೆ, ಕ್ರೆಡಿಟ್ ಸಂದಾಯವಾಗುತ್ತದೆ. ಮೂವತ್ತು ಗಂಟೆ ಕಾಗದದಲ್ಲಿ ಮುಗಿಯುತ್ತದೆ.

ಗೊಂದಲ ಹೆಚ್ಚಿಸಿದ್ದರಲ್ಲಿ ಸರ್ಕಾರಗಳ ಪಾಲೂ ಇದೆ. ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು. 2024-25ಕ್ಕೆ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಹಾಗಾಗಿ ಅಕ್ಕನ ಸ್ಕೀಮ್ ತಮ್ಮನಿಗೆ ಹೊಂದುವುದಿಲ್ಲ. ಸೀನಿಯರ್‌ಗಳ ಸಲಹೆ ದಾರಿ ತಪ್ಪಿಸಬಹುದು. ಮದುವೆಯಾಗಿ ಎರಡನೇ ವರ್ಷಕ್ಕೇ ಓದು ಬಿಡುವ ಹುಡುಗಿಗೆ, ಗಳಿಸಿದ ಕ್ರೆಡಿಟ್ಟನ್ನು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಗರಿಷ್ಠ ಏಳು ವರ್ಷ ಇಟ್ಟುಕೊಂಡು ಮುಂದೆ ಓದು ಮುಂದುವರಿಸುವ ಅವಕಾಶವಿದೆ ಎಂಬುದೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಸೇರುವ ವಿಶ್ವವಿದ್ಯಾಲಯ ಅದನ್ನು ಒಪ್ಪಬೇಕೆಂಬ ಷರತ್ತೂ ಗೊತ್ತಿರುವುದಿಲ್ಲ.

ತರಗತಿ ಶುರುವಾದ ಮೊದಲ ವಾರವೇ ಆ ವರ್ಷದ ಸ್ಕೀಮನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಬಸ್ಸಿನ ವೇಳೆ ನೋಡಿಕೊಂಡು ಟೈಮ್‌ಟೇಬಲ್ಲಿನಲ್ಲೇ ಸ್ವಂತ ಓದಿಗೆ ಗಂಟೆಗಳನ್ನು ಮೀಸಲಿಡಬೇಕು, ಅಸೈನ್‌ಮೆಂಟನ್ನು ಆ ಹೊತ್ತಿನಲ್ಲಿ ಅಲ್ಲೇ ಮಾಡಿಸಬೇಕು. ಗ್ರಂಥಾಲಯ ಸಂಜೆ ಏಳರವರೆಗೆ ತೆರೆದಿರಬೇಕು. ಅದಕ್ಕೆ ಬೇಕಾದ ಸಿಬ್ಬಂದಿಯನ್ನು ಸರ್ಕಾರ ಕೊಡಬೇಕು. ವಾರಕ್ಕೆ ನಲವತ್ತು ಗಂಟೆ ದುಡಿಯಿರಿ ಎಂದು ಮಕ್ಕಳಿಗೆ ಹೇಳುವ ವ್ಯವಸ್ಥೆ, ಅದರಲ್ಲಿ ಅರ್ಧಕ್ಕಾದರೂ ಕುರ್ಚಿ, ದೀಪ, ಕೊನೆಯ ಬಸ್ಸು ಒದಗಿಸಲಿ.