ಮಂದಿ ವಿಳಾಸ ಕೊಡ್ಲಿಕ್ಕೆ ನಾವ್ಯಾರು?

ಮೊನ್ನೆ ಸಂಜಿಗೆ ನಮ್ಮ ಮೈದುನನ ಮಗ ತನ್ನ ಹೆಂಡತಿಗೆ ನೌಕರಿ ಹುಡುಕೋ ತಾಣದಾಗ ಪ್ರೊಫೈಲ್ ಮಾಡಿಕೊಡ್ಲಿಕ್ಕತ್ತಿದ್ದ. "ಈಗ ನಿನ್ನ ಈಮೇಲ್ ಜೋಡಸು, ಕಾಂಟ್ಯಾಕ್ಟ್ ಎಲ್ಲಾ ತಾವs ಬರ್ತಾವ" ಅಂದ. ನಾ ಒಳಗ ಭಕ್ರಿ ಬಡೀಲಿಕ್ಕತ್ತಿದ್ದೆ. ಹಿಟ್ಟಿನ ಕೈಲೇ ಹೊರಗ ಬಂದು ಬ್ಯಾಡ ಅಂದೆ. "ದೊಡ್ಡವ್ವಾ, ಎಲ್ಲಾರೂ ಮಾಡ್ತಾರ" ಅಂತ ನಕ್ಕ.

ಎಲ್ಲಾರೂ ಮಾಡ್ತಾರ, ಖರೆ. ನಾನೂ ಮಾಡೇನಿ. ಅದಕ್ಕs ಹೇಳ್ತೇನಿ.

ಮೂರು ವರ್ಷದ ಹಿಂದ ಕಸೂತಿ ಸೀರಿ ಆರ್ಡರ್ ಸಿಗ್ತಾವ ಅಂತ ಇಂಥಾದ್ದs ಒಂದು ತಾಣ ಸೇರಿದ್ದೆ. ಹೆಸರು ಬ್ಯಾಡ. "ನಿಮ್ಮ ಪರಿಚಯದವರನ್ನ ಹುಡುಕ್ರಿ" ಅಂತು, ಹೂಂ ಅಂತ ಒತ್ತಿದೆ. ಒಮ್ಮೆ ಪತ್ರ ಬರದವರ ವಿಳಾಸನೂ ಈಮೇಲ್ ತಾನs ಇಟಗೊಂಡಿರ್ತದ ಅನ್ನೋದು ನನಗೇನು ಗೊತ್ತು! ಗ್ಯಾಸ್ ಏಜೆನ್ಸಿಯವರಿಗೆ, ನಾವು ಒಲ್ಲೆ ಅಂದ ಗಂಡಿನ ಮನಿಯವರಿಗೆ, ತೀರಿಹೋದ ನಮ್ಮ ಮಾವನವರ ಈಮೇಲಿಗೂ ನನ್ನ ಹೆಸರಿನ್ಯಾಗ ಆಮಂತ್ರಣ ಹೋತು. ಇಷ್ಟ ಆಗಿದ್ರ ನಕ್ಕು ಬಿಡಬಹುದಿತ್ತು.

ನಮ್ಮಣ್ಣನ ಮಗಳು ಗಂಡನ ಮನಿ ಬಿಟ್ಟು ಬ್ಯಾರೆ ಊರಾಗ ನೌಕರಿ ಹಿಡದಿದ್ಲು. ಹೊಸಾ ಈಮೇಲ್ ಕೊಟ್ಟಿದ್ದು ನಾಕೈದು ಮಂದಿಗೆ. ಅಕಿಗೂ ಆಮಂತ್ರಣ ಹೋತು, ಅತ್ತಿ ಕರದಾಳ ಅಂತ ಒಪ್ಪಿದ್ಲು. ಅಕಿ ಗಂಡನ ಹಳೇ ಈಮೇಲೂ ನನ್ನ ಕಡೆ ಇತ್ತು. ಅವನೂ ಒಪ್ಪಿದ. ನನ್ನ ಪಟ್ಟಿ ತಗದು ನೋಡಿದ್ರ ಅಲ್ಲೇ ಅಕಿ ಹೆಸರು, ಊರು, ಆಫೀಸು. ಎಂಟು ದಿನದಾಗ ಆಫೀಸಿನ ಗೇಟಿಗೆ ಬಂದು ನಿಂತ. ಅಕಿ ನನಗ ಬೈಲಿಲ್ಲ. "ಅತ್ತೀ, ನಿಮಗ ಅಂತ ಕೊಟ್ಟಿದ್ದೆ" ಅಂದ್ಲು, ಅಷ್ಟs.

ಅರಿಶಿಣ ಕುಂಕುಮಕ್ಕ ಕರೀಲಿಕ್ಕೆ ಹೋದ್ರ ಯಾರನ್ನ ಕರೀಬೇಕು, ಯಾರ ಮುಂದ ಯಾರ ಹೆಸರು ತಗೀಬಾರದು ಅಂತ ನಾವು ಹತ್ತು ಸಲ ವಿಚಾರ ಮಾಡ್ತೇವಿ. ಈ ಕಂಪನಿಯವರಿಗೆ ಆ ಸೂಕ್ಷ್ಮ ಎಲ್ಲಿಂದ ಬರಬೇಕು? ಅವರಿಗೆ ಬೇಕಾದ್ದು ಮಂದಿ ಕೂಡೋದು.

ನೌಕರಿ ಬೇಕಾದವರಿಗೆ ಪರಿಚಯ ಬೇಕು, ಅದೂ ಖರೆ. ಆದ್ರ ಗ್ಯಾಸಿನವರು ನೌಕರಿ ಕೊಡ್ತಾರೇನು? ಕೊಡೋ ಹತ್ತು ಮಂದಿ ಹೆಸರು ಕೈಲೇ ಟೈಪ್ ಮಾಡ್ಲಿಕ್ಕೆ ಎಷ್ಟು ಹೊತ್ತು ಹಿಡೀತದ?

ನಮ್ಮ ಮನಿ ಮಾತು ಬಿಡ್ರಿ. 2013 ರಾಗ ಅಮೇರಿಕಾದ ಕ್ಯಾಲಿಫೋರ್ನಿಯಾದಾಗ ಮಂದಿ ಲಿಂಕ್ಡ್‌ಇನ್ ಮ್ಯಾಲೆ ಕೇಸು ಹಾಕಿದ್ರು, ನಮ್ಮ ಹೆಸರಿನ್ಯಾಗ ನಮ್ಮವರಿಗೆ ಮತ್ತ ಮತ್ತ ಪತ್ರ ಹಾಕ್ತಾರ ಅಂತ. ಮೊದಲನೇ ಆಮಂತ್ರಣಕ್ಕ ನೀವು ಒಪ್ಪೀರಿ, ಆದ್ರ ಆಮ್ಯಾಲಿನ ಎರಡು ನೆನಪೋಲೆಗೆ ಒಪ್ಪಿಲ್ಲ ಅಂತ 2014 ರಾಗ ನ್ಯಾಯಾಧೀಶರು ಕೇಸು ಮುಂದ ನಡಸ್ಲಿಕ್ಕೆ ಬಿಟ್ರು. 2015 ರಾಗ ಕಂಪನಿ ತಪ್ಪು ಒಪ್ಪದs 1 ಕೋಟಿ 30 ಲಕ್ಷ ಡಾಲರಿಗೆ ರಾಜಿ ಆತು. ಅದರಾಗ ಪಾಲು ಕೇಳೋ ಹಕ್ಕು ಒತ್ತಿದವರಿಗೆ. ಪತ್ರ ಬಂದವರನ್ನ ಯಾರು ಕೇಳಿದ್ರು? ನನಗ ಸಿಟ್ಟು ಬರೋದು ಅಲ್ಲೇ.

ಮೈದುನನ ಮಗನ ಹೆಂಡತಿ "ಸ್ಕಿಪ್" ಒತ್ತಿದ್ಲು. ನೀವು ಮೊದಲs ಒತ್ತಿಬಿಟ್ಟಿದ್ರ ಸೆಟ್ಟಿಂಗ್ಸ್‌ನ್ಯಾಗ ಹೋಗಿ ಜೋಡಿಸಿದ ಕಾಂಟ್ಯಾಕ್ಟ್ ತಗದು, ನಿಮ್ಮ ಪಟ್ಟಿ ಬ್ಯಾರೆಯವರಿಗೆ ಕಾಣದಂಗ ಮಾಡ್ರಿ. ಮತ್ತ ನನ್ನ ಹೆಸರಿನ ಹಳೇ ಆಮಂತ್ರಣ ಯಾರ ಕಡೆ ಆದ್ರೂ ಇನ್ನೂ ಬಿದ್ದಿದ್ರ ಅಳಿಸಿಬಿಡ್ರವಾ. ಒತ್ತಿದಾಕಿ ನಾನs.