ಕಾಯಕ ಚಿಂತನ: ಬಿಗಿದ ಬ್ರೇಕು

ಕಾಯಕವನ್ನು ಶರಣರು ಪೂಜೆಯೆಂದೇ ಬಗೆದರು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು, ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಇಂದು ನಮ್ಮ ಅನೇಕ ಮನೆಗಳಿಗೆ ಅನ್ನ ನೀಡುವುದು ಒಂದು ಪಿಕಪ್ ವಾಹನ. ದೋಣಿಯ ಹಲಗೆ ಬಿರಿದುದನ್ನು ಅಂಬಿಗನು ಅರಿಯಬೇಕಾದಂತೆ, ವಾಹನದ ಬ್ರೇಕು ಕೆಟ್ಟುದನ್ನು ಅದನ್ನು ನಡೆಸುವವನು ಅರಿಯಬೇಕು.

ಕುಮಟಾ ತಾಲೂಕಿನ ಸಂತೆಗುಳಿಯ ಭಕ್ತರೊಬ್ಬರು ಹಿಂದೊಮ್ಮೆ ಶಿರಸಿಯಿಂದ ತಮ್ಮ ಊರಿಗೆ ನಮ್ಮನ್ನು ಪಿಕಪ್‌ನಲ್ಲಿ ಕರೆದೊಯ್ದರು. ಅಡಿಕೆ, ತೆಂಗಿನಕಾಯಿ ಸಾಗಿಸುವುದು ಅವರ ವೃತ್ತಿ. ದೇವಿಮನೆ ಘಟ್ಟದ ಪ್ರತಿ ತಿರುವಿನಲ್ಲಿಯೂ ಅವರು ಸೀಟಿಗೆ ಬೆನ್ನೊತ್ತಿ, ಮೈಯ ಬಲವನ್ನೆಲ್ಲ ಬಲಗಾಲಿಗೆ ತರುತ್ತಿದ್ದುದನ್ನು ಕಂಡೆವು. ವಿಚಾರಿಸಲಾಗಿ, “ಶಾಸ್ತ್ರಿಗಳೇ, ಹದಿನೈದು ದಿನಗಳಿಂದ ಪೆಡಲು ಕಲ್ಲಿನ ಹಾಗಾಗಿದೆ. ಬ್ರೇಕ್ ಲೈನರ್ ಹೊಸದು ಹಾಕಿಸಿದೆ, ಗುಣವಾಗಲಿಲ್ಲ. ಈಗ ಕಾಲಿಗೆ ಅಭ್ಯಾಸವಾಗಿದೆ” ಎಂದರು. ನಮ್ಮಿಬ್ಬರ ನಡುವೆ ಅವರ ಎಂಟು ವರ್ಷದ ಮಗ ಕುಳಿತಿದ್ದನು. ಅಭ್ಯಾಸವಾಗಿದೆ ಎಂಬ ಆ ಮಾತೇ ನಮಗೆ ಹೆಚ್ಚು ಭಯ ತಂದಿತು. ಎರಡನೆಯ ಗೇರಿನಲ್ಲಿ ನಿಧಾನವಾಗಿ ಇಳಿಯುವಂತೆ ಹೇಳಿದೆವು.

ಮರುದಿನ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಮನೆಗೆ ಬಂದರು. ಅವರು ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿದರು: “ಪೆಡಲು ಮೆತ್ತಗೆ ಒಳಗಿಳಿಯುತ್ತದೆಯೋ, ಗಟ್ಟಿಯಾಗಿ ನಿಲ್ಲುತ್ತದೆಯೋ?” ಮೆತ್ತಗಾದರೆ ಬ್ರೇಕ್ ಆಯಿಲ್ ಸೋರಿರಬಹುದು, ಇಲ್ಲವೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಗಟ್ಟಿಯಾದರೆ ಮೊದಲು ಶಂಕಿಸಬೇಕಾದುದು ಬೂಸ್ಟರನ್ನು.

ಬೂಸ್ಟರ್ ಎಂಬುದು ಪೆಡಲಿನ ಮುಂದೆ ಇರುವ ದುಂಡನೆಯ ಡಬ್ಬಿ. ಅದರೊಳಗೆ ರಬ್ಬರಿನ ಪರದೆಯಿದೆ. ಅದರ ಎರಡೂ ಬದಿಯ ಗಾಳಿಯನ್ನು ಹೀರಿ ತೆಗೆಯಲಾಗಿರುತ್ತದೆ. ಪೆಡಲು ಒತ್ತಿದೊಡನೆ ಒಂದು ಬದಿಗೆ ಮಾತ್ರ ಹೊರಗಾಳಿ ನುಗ್ಗಿ ಪರದೆಯನ್ನು ಮುಂದಕ್ಕೆ ತಳ್ಳುತ್ತದೆ. ವಾತಾವರಣದ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಇರುವುದರಿಂದ ಕಾಲಿನ ಬಲಕ್ಕೆ ಅದು ಹಲವು ಪಟ್ಟು ನೆರವಾಗುತ್ತದೆ. ಡೀಸೆಲ್ ವಾಹನಗಳಲ್ಲಿ ಗಾಳಿ ಹೀರಲು ಪ್ರತ್ಯೇಕ ಪಂಪು ಇರುತ್ತದೆ. ಅದು ಎಂಜಿನ್ನಿನ ಬಲದಿಂದಲೇ ನಡೆಯುವುದು.

ಪರೀಕ್ಷೆ ಸರಳ. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಗೇರನ್ನು ನ್ಯೂಟ್ರಲಿಗೆ ತಂದು, ಎಂಜಿನ್ ಆರಿಸಿ, ಪೆಡಲನ್ನು ನಾಲ್ಕೈದು ಬಾರಿ ಒತ್ತಬೇಕು. ಅದು ಗಟ್ಟಿಯಾಗುತ್ತದೆ. ಕಾಲನ್ನು ತೆಗೆಯದೆ ಎಂಜಿನ್ ಚಾಲೂ ಮಾಡಿದರೆ ಪೆಡಲು ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರಿನ ನೆರವು ದೊರೆಯುತ್ತಿಲ್ಲ. ಆ ಪಿಕಪ್‌ನ ಪೆಡಲು ಇಳಿಯಲಿಲ್ಲ.

ಬಳಿಕ ಅವರು ಪಂಪಿನಿಂದ ಬೂಸ್ಟರಿಗೆ ಹೋಗುವ ರಬ್ಬರ್ ಪೈಪನ್ನು ಬೆರಳಿನಿಂದ ತಡವುತ್ತ ಬಂದರು. ಬಿಸಿಗೆ ಗಡುಸಾಗಿ, ಕ್ಲಿಪ್ಪಿನ ಬಳಿ ಅಡಿಭಾಗದಲ್ಲಿ ಬಿರಿದಿತ್ತು! ಪೈಪು ಬದಲಾಯಿಸಿ ಅದೇ ಪರೀಕ್ಷೆ ಮಾಡಿದಾಗ ಪೆಡಲು ತಾನಾಗಿ ಇಳಿಯಿತು. ಪೈಪು ಸರಿಯಿದ್ದಿದ್ದರೆ ಹಿಂಬರವು ತಡೆಯುವ ವಾಲ್ವು, ಪಂಪು, ಬೂಸ್ಟರಿನ ಪರದೆ, ಹೀಗೆ ಕ್ರಮವಾಗಿ ನೋಡಬೇಕಿತ್ತು. ಬೂಸ್ಟರು ಸರಿಯಿದ್ದೂ ಪೆಡಲು ಬಿಗಿಯಾದರೆ ಚಕ್ರದ ಬಳಿಯ ಪಿಸ್ಟನ್ ಸಿಕ್ಕಿಕೊಂಡಿರಬಹುದು, ಅಥವಾ ಪೆಡಲಿನ ಕೀಲು ತುಕ್ಕು ಹಿಡಿದಿರಬಹುದು.

ಹೊರಡುವಾಗ ಆ ಹಿರಿಯರು, “ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆರಿಸುತ್ತೀರೋ?” ಎಂದು ಕೇಳಿದರು. ಭಕ್ತರು ತಲೆ ತಗ್ಗಿಸಿದರು. ಎಂಜಿನ್ ಆರಿದರೆ ಪಂಪೂ ನಿಲ್ಲುತ್ತದೆ. ಬೂಸ್ಟರಿನಲ್ಲಿ ಉಳಿದ ನೆರವು ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಮುಂದಿನ ತಿರುವಿನಲ್ಲಿ ಒಳ್ಳೆಯ ಬ್ರೇಕೂ ಕಲ್ಲಾಗುವುದು. ಎಂಜಿನ್ ಎಳೆತವೂ ಇಲ್ಲದ ಗಾಡಿಯನ್ನು ಆಗ ಬರಿಯ ಕಾಲಿನ ಬಲ ತಡೆಯಲಾರದು. “ಇನ್ನು ಆರಿಸುವುದಿಲ್ಲ” ಎಂದು ಮಗನ ಎದುರಿಗೇ ಅವರು ಮಾತು ಕೊಟ್ಟರು.

ಬಂಧುಗಳೇ, ಕಷ್ಟ ಬಂದಾಗ ನಾವು ಬಲವನ್ನು ಹೆಚ್ಚಿಸುತ್ತೇವೆ, ಕಾರಣವನ್ನು ಹುಡುಕುವುದಿಲ್ಲ. ಸಹಿಸುವುದನ್ನೇ ಸಾಮರ್ಥ್ಯವೆಂದು ತಿಳಿಯುತ್ತೇವೆ. ಅರಿವಿಲ್ಲದ ದುಡಿಮೆ ಕಾಯಕವಾಗದು. ನಿಮ್ಮ ಮನೆಯಲ್ಲಿ ವಾಹನವಿದ್ದರೆ ನಾಳೆ ಬೆಳಿಗ್ಗೆ ಪೂಜೆ ಮುಗಿಸಿ, ಹೊರಡುವ ಮುನ್ನ ಈ ಪರೀಕ್ಷೆಯನ್ನು ಮಾಡಿರಿ. ಅರ್ಧ ನಿಮಿಷದ ಕೆಲಸ. ನಿಮ್ಮ ಪಕ್ಕದಲ್ಲಿ ಕುಳಿತ ಮಗುವಿಗಾಗಿ ಅದು ಸಲ್ಲಬೇಕು.