ಒಳ್ಳೆಯ ನಾದಕ್ಕೆ ಒಳ್ಳೆಯ ವಿದ್ಯುತ್ತು

ಸಂಗೀತ ಕಚೇರಿ ಆರಂಭವಾಗುವ ಮುನ್ನ, ತಂಬೂರಿಯ ಶ್ರುತಿಯೊಂದೇ ಸಭಾಂಗಣವನ್ನು ತುಂಬಿಕೊಂಡಿರುವ ಗಳಿಗೆಯೊಂದುಂಟು. ಗಾಯಕರು ಇನ್ನೂ ಬಾಯಿ ತೆರೆದಿರುವುದಿಲ್ಲ; ಆದರೆ ಮುಂದೆ ಮೂಡಲಿರುವ ರಾಗಕ್ಕೆ ಆ ನೀರವತೆಯೇ ಭಿತ್ತಿ. ಅದೇ ಕಚೇರಿಯ ಧ್ವನಿಮುದ್ರಣವನ್ನು ಮನೆಯಲ್ಲಿ ಕುಳಿತು ಕೇಳುವಾಗ, ತಂಬೂರಿಯ ಜೊತೆಗೆ ಯಾರೂ ಕರೆಯದ ಮತ್ತೊಂದು ಶ್ರುತಿಯು 'ಗುಂಯ್' ಎಂದು ಸ್ಪೀಕರಿನಿಂದ ಹೊರಡುವುದನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ಈ ದೋಷ ಗಾಯಕರದಲ್ಲ, ಧ್ವನಿಮುದ್ರಣದ್ದಲ್ಲ. ಅನೇಕ ವೇಳೆ ಸ್ಪೀಕರಿನದೂ ಅಲ್ಲ. ಗೋಡೆಯ ಸಾಕೆಟ್ಟಿನಿಂದ ಬಂದ ವಿದ್ಯುತ್ತನ್ನು ಆಂಪ್ಲಿಫೈಯರಿಗೆ ಒಗ್ಗುವಂತೆ ಹದಗೊಳಿಸಿ ಕೊಡತಕ್ಕ ಭಾಗದಲ್ಲಿ, ಎಂದರೆ ಪವರ್ ಸಪ್ಲೈಯಲ್ಲಿ, ಅಥವಾ ಅದರ ಜೋಡಣೆಯಲ್ಲಿ, ಈ ದೋಷದ ಮೂಲ ಅಡಗಿರುತ್ತದೆ.

ಕಳೆದ ಬೇಸಗೆಯಲ್ಲಿ ಯಲಹಂಕದಿಂದ ನನ್ನ ಸೋದರಳಿಯನೊಬ್ಬನು ತಾನೇ ಕಟ್ಟಿದ ಆಂಪ್ಲಿಫೈಯರನ್ನು ಹೊತ್ತುಕೊಂಡು ಆರ್.ಟಿ. ನಗರದ ನಮ್ಮ ಮನೆಗೆ ಬಂದನು. ಅವನು ಕಾಲೇಜು ವಿದ್ಯಾರ್ಥಿ. ಆಂಪ್ಲಿಫೈಯರಿನ ಚಿಪ್ಪನ್ನು ಆರಿಸಲು ಎರಡು ತಿಂಗಳು ಓದಿದ್ದನು. ಟ್ರಾನ್ಸ್‌ಫಾರ್ಮರನ್ನು ಮಾತ್ರ ಕೈಯಲ್ಲಿ ಉಳಿದ ಹಣದಲ್ಲಿ, ಎರಡು ನಿಮಿಷದಲ್ಲಿ ಕೊಂಡಿದ್ದನು. "ಮಾವ, ಮೊದಲು ಬಹಳ ಗುಂಯ್‌ಗುಡುತ್ತಿತ್ತು. ಅಂಗಡಿಯವರೊಬ್ಬರು ಅರ್ಥ್ ತಂತಿಯನ್ನು ಕತ್ತರಿಸಿಬಿಡು ಎಂದರು. ಕತ್ತರಿಸಿದೆ, ನಿಂತುಹೋಯಿತು" ಎಂದು ಹೆಮ್ಮೆಯಿಂದ ಹೇಳಿದನು. ಲ್ಯಾಪ್‌ಟಾಪಿಗೆ ಜೋಡಿಸಿ ಹಾಡು ಹಾಕಿದಾಗ ನಾನು ಆ ಲೋಹದ ಪೆಟ್ಟಿಗೆಯನ್ನು ಮುಟ್ಟಿದೆ, ಬೆರಳು ಜುಮ್ಮೆಂದಿತು. ಈ ಲೇಖನವನ್ನು ಬರೆಯಲು ಕಾರಣ ಆ ಜುಮ್ಮೆನ್ನುವಿಕೆಯೇ. ಪವರ್ ಸಪ್ಲೈಯನ್ನು ಕೊನೆಗೆ ನೆನೆಯುವವನು ಮೊದಲು ನಾದವನ್ನೂ, ಆಮೇಲೆ ಹಣವನ್ನೂ ಕಳೆದುಕೊಳ್ಳುತ್ತಾನೆ. ಅಡ್ಡದಾರಿ ಹಿಡಿದರೆ ಪ್ರಾಣಕ್ಕೂ ಸಂಚಕಾರ ತಂದುಕೊಳ್ಳುತ್ತಾನೆ. ಆದುದರಿಂದ ಮೊದಲು ಆರಿಸಬೇಕಾದುದು ಸಪ್ಲೈಯನ್ನು. ಆರಿಸಬೇಕಾದುದು ಲೆಕ್ಕದಿಂದ, ವದಂತಿಯಿಂದಲ್ಲ ಎಂಬುದು ನನ್ನ ವಾದ.

ಹಿಂದಿನವರಿಗೆ ಈ ಮಾತನ್ನು ಹೇಳಬೇಕಾಗಿರಲಿಲ್ಲ. ಯಶವಂತಪುರವನ್ನು ದಾಟಿದರೆ ಸಿಕ್ಕುವ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಕಾರ್ಖಾನೆಯಿದೆ. 1954ರಲ್ಲಿ ಸ್ಥಾಪಿತವಾದ ಈ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, 1962ರಲ್ಲಿ ಜರ್ಮೇನಿಯಂ ಅರೆವಾಹಕ ಸಾಧನಗಳನ್ನೂ ತಯಾರಿಸಲಾರಂಭಿಸಿತು. ವಾಲ್ವಿನ ಕಾಲದಲ್ಲಿ ಆಂಪ್ಲಿಫೈಯರಿಗೆ 250 ವೋಲ್ಟಿನ ಆಸುಪಾಸಿನ ಏಕಮುಖ ವಿದ್ಯುತ್ತು ಬೇಕಾಗಿತ್ತು; ವಾಲ್ವಿನೊಳಗಿನ ತಂತುವನ್ನು ಕಾಯಿಸಲು 6.3 ವೋಲ್ಟು ಬೇರೆ. ಪೆಟ್ಟಿಗೆಯನ್ನು ತೆರೆದರೆ ಎಲ್ಲಕ್ಕಿಂತ ಭಾರವಾದ ವಸ್ತುವೆಂದರೆ ಟ್ರಾನ್ಸ್‌ಫಾರ್ಮರು. ಅದನ್ನು ಅಲಕ್ಷಿಸುವುದು ಸಾಧ್ಯವೇ ಇರಲಿಲ್ಲ. ಟ್ರಾನ್ಸಿಸ್ಟರು ಬಂದ ಮೇಲೆ ವೋಲ್ಟೇಜು ಇಳಿಯಿತು, ಪ್ರವಾಹ ಏರಿತು. ಆಂಪ್ಲಿಫೈಯರು ಉಗುರಿನಷ್ಟು ಚಿಪ್ಪಾಯಿತು. ಸಪ್ಲೈಯ ಕೆಲಸವೂ ಅಷ್ಟೇ ಚಿಕ್ಕದಾಯಿತೆಂಬ ಭ್ರಮೆ ಆಗ ಹುಟ್ಟಿಕೊಂಡಿತು.

ಆಂಪ್ಲಿಫೈಯರು ಸಣ್ಣ ಧ್ವನಿಯನ್ನು ಹಿಗ್ಗಿಸಿ ದೊಡ್ಡದು ಮಾಡುತ್ತದೆಂದು ನಾವು ಹೇಳುವುದು ವಾಡಿಕೆ. ವಾಸ್ತವವಾಗಿ ಅದು ಏನನ್ನೂ ಹಿಗ್ಗಿಸುವುದಿಲ್ಲ. ಅದು ಬರಿಯ ನಲ್ಲಿ. ಸಂಗೀತದ ಸಂಕೇತವು ಆ ನಲ್ಲಿಯನ್ನು ತಿರುಗಿಸುವ ಕೈ. ನೀರು ಬರುವುದು ಸಪ್ಲೈಯಿಂದ. ಸ್ಪೀಕರಿನ ಪೊರೆಯನ್ನು ಅಲುಗಿಸುವ ಪ್ರತಿಯೊಂದು ವಾಟೂ ಸಪ್ಲೈಯ ಮೂಲಕವೇ ಹಾದುಬರಬೇಕು. ಶಕ್ತಿಯನ್ನು ಸೃಷ್ಟಿಸಲಾಗದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಹೀಗಿರುವಾಗ, ಹಿಂಬದಿಯ ಫಲಕದಲ್ಲಿ 40 ವಾಟ್ ಬಳಕೆಯೆಂದು ಅಚ್ಚಾಗಿರುವ ಪೆಟ್ಟಿಗೆಯ ಮುಂಬದಿಯಲ್ಲಿ 1000 ವಾಟ್ ಪಿ.ಎಂ.ಪಿ.ಓ. ಎಂಬ ಚೀಟಿ ಅಂಟಿಕೊಂಡಿದ್ದರೆ ಯಾವುದನ್ನು ನಂಬಬೇಕು? ಹಿಂಬದಿಯನ್ನು ಓದುವ ಅಭ್ಯಾಸವಿದ್ದವನು ಮೋಸಹೋಗುವುದಿಲ್ಲ.

ಈಗ ಸಪ್ಲೈಯ ಒಳಗನ್ನು ನೋಡೋಣ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ಪ್ರವಾಹ. ಟ್ರಾನ್ಸ್‌ಫಾರ್ಮರು ಅದರ ವೋಲ್ಟೇಜನ್ನು ಇಳಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಯೊಂದಕ್ಕೆ ಎರಡು ಸುರುಳಿಗಳನ್ನು ಸುತ್ತಿ ವಿದ್ಯುತ್ಪ್ರೇರಣೆಯನ್ನು ಕಂಡುಹಿಡಿದನು. ಇಂದು ಒಳ್ಳೆಯ ಆಂಪ್ಲಿಫೈಯರುಗಳಲ್ಲಿ ಕಾಣುವ ಬಳೆಯಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರು ರೂಪದಲ್ಲಿಯೂ ಆ ಬಳೆಯ ವಂಶದ್ದೇ. ಅನಂತರ ನಾಲ್ಕು ಡಯೋಡುಗಳ ಸೇತುವೆಯು ಪ್ರವಾಹವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಹೀಗೆ ದೊರೆತದ್ದು ಏಕಮುಖವೇನೋ ಹೌದು, ಆದರೆ ಸಮವಾದುದಲ್ಲ. ಸೆಕೆಂಡಿಗೆ 100 ಸಲ ಏರಿ ಇಳಿಯುವ ಅಲೆ. ಇದನ್ನು ಸಮತಟ್ಟಾಗಿಸುವುದು ಕೆಪಾಸಿಟರಿನ ಕೆಲಸ. ದಿನ ಬಿಟ್ಟು ದಿನ ಕಾವೇರಿ ನೀರು ಬರುವ ಬೀದಿಯಲ್ಲಿ, ಮಾಳಿಗೆಯ ತೊಟ್ಟಿ ದೊಡ್ಡದಾಗಿದ್ದರೆ ನಲ್ಲಿ ನಿಲ್ಲುವುದಿಲ್ಲವಷ್ಟೆ. ಕೆಪಾಸಿಟರು ಅಂಥ ತೊಟ್ಟಿ. ಇಲ್ಲಿ ನೀರು ಬರುವುದು ಸೆಕೆಂಡಿನ ನೂರನೆಯ ಒಂದು ಭಾಗಕ್ಕೊಮ್ಮೆ; ನಡುವೆ ತೊಟ್ಟಿ ಬರಿದಾಗುತ್ತ ಬಂದರೆ ಸಂಗೀತದ ಏರುದನಿಯ ತುದಿ ಕತ್ತರಿಸಿಹೋಗುತ್ತದೆ.

ಎಷ್ಟು ದೊಡ್ಡ ತೊಟ್ಟಿ ಬೇಕು? ಇಲ್ಲಿ ಲೆಕ್ಕವೇ ಮಾತನಾಡಲಿ. 8 ಓಮಿನ ಎರಡು ಸ್ಪೀಕರುಗಳಿಗೆ ತಲಾ 30 ವಾಟ್ ಕೊಡುವ ಆಂಪ್ಲಿಫೈಯರನ್ನು ಕಟ್ಟುತ್ತೇವೆಂದಿಟ್ಟುಕೊಳ್ಳೋಣ; ಸಾಧಾರಣ ಮನೆಯ ಕೋಣೆಗೆ ಇದು ಧಾರಾಳವಾಯಿತು. 30ನ್ನು 8ರಿಂದ ಗುಣಿಸಿ ವರ್ಗಮೂಲ ತೆಗೆದರೆ 15.5 ವೋಲ್ಟ್; ಅಲೆಯ ತುದಿ ಅದರ 1.414ರಷ್ಟು, ಎಂದರೆ ಸುಮಾರು 22 ವೋಲ್ಟ್. ಆಗ ಹರಿಯುವ ಪ್ರವಾಹ 22ನ್ನು 8ರಿಂದ ಭಾಗಿಸಿದಷ್ಟು, ಎಂದರೆ 2.75 ಆಂಪಿಯರ್. ಆಂಪ್ಲಿಫೈಯರು ತನಗಾಗಿ 3 ವೋಲ್ಟಿನಷ್ಟನ್ನು ಉಳಿಸಿಕೊಳ್ಳುವುದರಿಂದ, ಸಪ್ಲೈಯ ಧನ ಮತ್ತು ಋಣ ಪಕ್ಕಗಳೆರಡೂ 25 ವೋಲ್ಟಿಗಿಂತ ಕೆಳಗಿಳಿಯಬಾರದು. ಒಂದು ಪಕ್ಕದಿಂದ ಒಂದು ಚಾನೆಲ್ಲು ಸೆಳೆಯುವ ಸರಾಸರಿ ಪ್ರವಾಹವು ತುದಿಯ ಪ್ರವಾಹವನ್ನು 3.14ರಿಂದ ಭಾಗಿಸಿದಷ್ಟು; ಎರಡು ಚಾನೆಲ್ಲುಗಳಿಗೆ 1.75 ಆಂಪಿಯರ್ ಆಗುತ್ತದೆ. ಈ ಪ್ರವಾಹವನ್ನು 0.01 ಸೆಕೆಂಡಿನಿಂದ ಗುಣಿಸಿ ಕೆಪಾಸಿಟರಿನ ಅಳತೆಯಿಂದ ಭಾಗಿಸಿದರೆ ವೋಲ್ಟೇಜು ಎಷ್ಟು ಕುಸಿಯುವುದೆಂದು ತಿಳಿಯುತ್ತದೆ. 2,200 ಮೈಕ್ರೋಫ್ಯಾರಡ್ ಹಾಕಿದರೆ 8 ವೋಲ್ಟ್ ಕುಸಿತ; 10,000 ಮೈಕ್ರೋಫ್ಯಾರಡ್ ಹಾಕಿದರೆ 1.75 ವೋಲ್ಟ್ ಮಾತ್ರ. ಮೊದಲನೆಯದು ತೀರ ಸಾಲದು, ಎರಡನೆಯದು ಸಾಕು. 50,000ಕ್ಕೆ ಹೋಗುವುದು ದುಂದು.

ಟ್ರಾನ್ಸ್‌ಫಾರ್ಮರನ್ನು ಆರಿಸುವಾಗ ನಮ್ಮ ಬೀದಿಯ ವಿದ್ಯುತ್ತಿನ ಸ್ವಭಾವವನ್ನು ಮರೆಯಕೂಡದು. 230 ಎಂಬುದು ಹೆಸರಿಗೆ; ನೂರಕ್ಕೆ ಹತ್ತರಷ್ಟು ಏರಿಳಿತಕ್ಕೆ, ಎಂದರೆ 207ರಿಂದ 253ರವರೆಗೆ, ನಾವು ಸಿದ್ಧರಾಗಿರಬೇಕು. ಪೇಟೆಯಲ್ಲಿ ಸುಲಭವಾಗಿ ಸಿಕ್ಕುವ 24-0-24 ವೋಲ್ಟಿನ ಟ್ರಾನ್ಸ್‌ಫಾರ್ಮರನ್ನು ತೆಗೆದುಕೊಳ್ಳಿ. ಡಯೋಡಿನಲ್ಲಿ ಕಳೆದುಹೋಗುವ ಒಂದು ವೋಲ್ಟನ್ನು ಬಿಟ್ಟರೆ, ಸರಿಯಾದ ವೋಲ್ಟೇಜಿನಲ್ಲಿ 33, ಇಳಿದಾಗ 29.5, ಏರಿದಾಗ 36 ವೋಲ್ಟ್ ದೊರೆಯುತ್ತದೆ. ಇಳಿದ ಹೊತ್ತಿನಲ್ಲಿಯೂ ಅಲೆಯ ಕುಸಿತವನ್ನು ಕಳೆದರೆ 27.75 ಉಳಿಯುವುದರಿಂದ, ಟ್ರಾನ್ಸ್‌ಫಾರ್ಮರಿನ ತಂತಿಯಲ್ಲಿ ನಷ್ಟವಾಗುವುದಕ್ಕೂ ಎರಡು ವೋಲ್ಟಿಗಿಂತ ಹೆಚ್ಚು ಮಿಕ್ಕುತ್ತದೆ. ಏರಿದ ಹೊತ್ತಿನದು ಬೇರೆ ಕತೆ. ಹಾಡು ನಿಂತು ಹೊರೆಯಿಲ್ಲದಿರುವಾಗ ಟ್ರಾನ್ಸ್‌ಫಾರ್ಮರಿನ ವೋಲ್ಟೇಜು ಇನ್ನಷ್ಟು ಮೇಲೇರಿ 40ನ್ನು ಮುಟ್ಟಬಹುದು. 35 ವೋಲ್ಟಿನ ಕೆಪಾಸಿಟರು ಅಗ್ಗವೆಂದು ಕೊಂಡವನ ಮನೆಯಲ್ಲಿ ಅದು ನಡುರಾತ್ರಿ ಸಿಡಿಯುವುದು ಈ ಕಾರಣದಿಂದಲೇ. 50 ವೋಲ್ಟಿನದನ್ನೇ ಕೊಳ್ಳಬೇಕು. ಆಂಪ್ಲಿಫೈಯರಿನ ಚಿಪ್ಪೂ ಅಷ್ಟು ವೋಲ್ಟೇಜನ್ನು ತಾಳಬಲ್ಲುದೇ ಎಂದು ಅದರ ವಿವರಪತ್ರದಲ್ಲಿ ನೋಡಿಕೊಳ್ಳುವುದು ಅವಶ್ಯ. ಸಂಗೀತವು ಸದಾ ಗರಿಷ್ಠ ಮಟ್ಟದಲ್ಲಿರುವುದಿಲ್ಲವಾದುದರಿಂದ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ 160ರಿಂದ 200 ವೋಲ್ಟ್-ಆಂಪಿಯರ್ ಇದ್ದರೆ ಸಾಕು. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ "ಒಳ್ಳೆಯ ಟ್ರಾನ್ಸ್‌ಫಾರ್ಮರು ಕೊಡಿ" ಎನ್ನುವವನಿಗೂ, ಈ ಮೂರು ಅಂಕಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವವನಿಗೂ ಸಿಕ್ಕುವ ಸರಕು ಒಂದೇ ಆಗಿರುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಕಬ್ಬಿಣದ ಈ ಭಾರವನ್ನು ಇನ್ನೂ ಏಕೆ ಹೊರಬೇಕು? ಸ್ವಿಚಿಂಗ್ ಸಪ್ಲೈ ಎಂಬ ಹಗುರವಾದ ಸಾಧನ ಇಲ್ಲವೇ? ಅದು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಅಂಗೈಯಲ್ಲಿ ಹಿಡಿಯುವ ಟ್ರಾನ್ಸ್‌ಫಾರ್ಮರಿನಿಂದಲೇ ಕೆಲಸ ತೀರಿಸುತ್ತದೆ. ವೋಲ್ಟೇಜು ಏರಲಿ ಇಳಿಯಲಿ, ಅದು ಕೊಡುವ ವೋಲ್ಟೇಜು ಬದಲಾಗದು; ವಿದ್ಯುತ್ತೂ ಕಡಿಮೆ ವ್ಯಯವಾಗುತ್ತದೆ. ಈ ಗುಣಗಳನ್ನು ಅಲ್ಲಗಳೆಯುವವನು ನಾನಲ್ಲ. ಸ್ವಿಚಿಂಗ್ ಸಪ್ಲೈಯಿಂದ ಒಳ್ಳೆಯ ನಾದ ಬರದೆಂಬುದು ಮೂಢನಂಬಿಕೆ. ಚೆನ್ನಾಗಿ ಕಟ್ಟಿದ ಸಪ್ಲೈಯ ಕತ್ತರಿಕೆಯು ಕಿವಿಗೆ ನಿಲುಕುವ 20,000 ಆವರ್ತಗಳಿಗಿಂತ ಬಹಳ ಮೇಲಿರುತ್ತದೆ. ಒಂದೇ 24 ವೋಲ್ಟಿನಲ್ಲಿ ನಡೆಯುವ ಡಿ ವರ್ಗದ ಪುಟ್ಟ ಆಂಪ್ಲಿಫೈಯರಿಗೆ, ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತಿರುವ ಸಿದ್ಧ ಅಡಾಪ್ಟರನ್ನೇ ಕೊಳ್ಳುವುದು ಜಾಣತನ.

ಆದರೂ ಮೊದಲ ಆಂಪ್ಲಿಫೈಯರನ್ನು ಸ್ವತಃ ಕಟ್ಟುವ ವಿದ್ಯಾರ್ಥಿಗೆ ನಾನು ಹಳೆಯ ಕಬ್ಬಿಣದ ಸಪ್ಲೈಯನ್ನೇ ಸೂಚಿಸುತ್ತೇನೆ. ಅಗ್ಗದ, ಹೆಸರಿಲ್ಲದ ಸ್ವಿಚಿಂಗ್ ಸಪ್ಲೈಯಲ್ಲಿ ಶೋಧಕಗಳನ್ನೂ ನಿರೋಧನದ ಅಂತರವನ್ನೂ ಉಳಿತಾಯಕ್ಕಾಗಿ ಬಿಟ್ಟಿರುವ ಸಂಭವವುಂಟು. ಹೊರಗಿನಿಂದ ನೋಡಿ ಅದನ್ನು ತಿಳಿಯುವುದು ಅಶಕ್ಯ. ಮೃದಂಗದ ಒಂದು ಪೆಟ್ಟಿಗೆ ಕ್ಷಣಕಾಲ ಹೆಚ್ಚು ಪ್ರವಾಹ ಬೇಕಾದಾಗ, ಮಿತಿಯನ್ನು ಮೀರಿತೆಂದು ಅಂಥ ಸಪ್ಲೈ ತಟ್ಟನೆ ನಿಂತುಬಿಡಬಹುದು. ಕಬ್ಬಿಣದ್ದು ಸ್ವಲ್ಪ ಬಾಗುತ್ತದೆ, ನಿಲ್ಲುವುದಿಲ್ಲ. ಇದಕ್ಕಿಂತ ಮುಖ್ಯವಾದ ಕಾರಣ ಬೇರೊಂದಿದೆ. ಟ್ರಾನ್ಸ್‌ಫಾರ್ಮರು, ನಾಲ್ಕು ಡಯೋಡು, ಎರಡು ಕೆಪಾಸಿಟರು: ಇವಿಷ್ಟನ್ನು ಲೆಕ್ಕ ಹಾಕಬಹುದು, ಅಳೆಯಬಹುದು, ಕೆಟ್ಟರೆ ಇಪ್ಪತ್ತು ವರ್ಷಗಳ ಮೇಲೂ ದುರಸ್ತಿ ಮಾಡಬಹುದು. ತಾನು ಅರ್ಥಮಾಡಿಕೊಂಡ ಯಂತ್ರಕ್ಕೆ ಒಡೆಯನಾಗುವ ಸಂತೋಷವನ್ನು ಮುಚ್ಚಿದ ಪೆಟ್ಟಿಗೆಯೊಂದು ಕೊಡಲಾರದು.

ಇನ್ನು ಗುಂಯ್‌ಗುಡುವಿಕೆ. ಅದಕ್ಕೆ ಹೆದರಬೇಕಾದುದಿಲ್ಲ, ಅದನ್ನು ಪರೀಕ್ಷಿಸಬೇಕು. ಆಂಪ್ಲಿಫೈಯರಿಗೆ ಸಂಕೇತವನ್ನು ತರುವ ಕೇಬಲನ್ನು ತೆಗೆದು, ಒಳಬರುವ ತುದಿಯನ್ನು ಅದರದೇ ನೆಲತಂತಿಗೆ ಜೋಡಿಸಿ ಕೇಳಿರಿ. ಸದ್ದು ಉಳಿದರೆ ದೋಷ ಪೆಟ್ಟಿಗೆಯೊಳಗಿದೆ: ಕೆಪಾಸಿಟರು ಸಾಲದು, ಇಲ್ಲವೆ ತಂತಿಗಳ ಹಾದಿ ತಪ್ಪಿದೆ. ಡಯೋಡುಗಳಿಂದ ಕೆಪಾಸಿಟರಿಗೆ ಹರಿಯುವ ಪ್ರವಾಹ ಸಮನಾದುದಲ್ಲ, ಚಿಕ್ಕ ಚಿಕ್ಕ ಬಿರುಸಾದ ಹೊಡೆತಗಳು. ಆ ಹೊಡೆತಗಳು ನಡೆಯುವ ತಂತಿಯಲ್ಲೇ ಸಂಕೇತದ ನೆಲತಂತಿಯನ್ನೂ ಸೇರಿಸಿದರೆ ಗುಂಯ್‌ಗುಡದೆ ಮತ್ತೇನಾದೀತು? ನೆಲತಂತಿಗಳನ್ನೆಲ್ಲ ಬೇರೆ ಬೇರೆಯಾಗಿ, ಕೆಪಾಸಿಟರುಗಳನ್ನು ದಾಟಿದ ಒಂದೇ ಬಿಂದುವಿಗೆ ತರಬೇಕು. ಕೇಬಲು ತೆಗೆದಾಗ ಸದ್ದು ನಿಂತರೆ, ಎರಡು ಉಪಕರಣಗಳ ಅರ್ಥ್‌ಗಳ ನಡುವೆ ಕುಣಿಕೆ ಬಿದ್ದಿರುವ ಸಂಭವವೇ ಹೆಚ್ಚು. ಸಂಕೇತದ ದಾರಿಯಲ್ಲಿ ಪುಟ್ಟ ಆಡಿಯೋ ಟ್ರಾನ್ಸ್‌ಫಾರ್ಮರೊಂದನ್ನು ಇಟ್ಟು ಕುಣಿಕೆಯನ್ನು ಬಿಡಿಸಬಹುದು.

ಅರ್ಥ್ ತಂತಿಯನ್ನು ಕತ್ತರಿಸುವುದು ಮಾತ್ರ ಪರಿಹಾರವಲ್ಲ. ಅದು ಅಪರಾಧಕ್ಕೆ ಸಮ. ನನ್ನ ಬೆರಳು ಜುಮ್ಮೆಂದದ್ದು ಲ್ಯಾಪ್‌ಟಾಪಿನ ಎರಡು ಕಡ್ಡಿಯ ಅಡಾಪ್ಟರಿನಿಂದ ಸೋರಿದ ಅತ್ಯಲ್ಪ ಪ್ರವಾಹಕ್ಕೆ. ಅದು ಎಚ್ಚರಿಕೆ ಮಾತ್ರ. ಎಂದಾದರೂ ಟ್ರಾನ್ಸ್‌ಫಾರ್ಮರಿನ ನಿರೋಧನ ಕೆಟ್ಟು 230 ವೋಲ್ಟು ಲೋಹದ ಪೆಟ್ಟಿಗೆಗೆ ತಗುಲಿದರೆ, ಅರ್ಥ್ ಇದ್ದಲ್ಲಿ ಫ್ಯೂಸ್ ಕರಗುತ್ತದೆ. ಇಲ್ಲದಲ್ಲಿ ಮುಟ್ಟಿದವನೇ ಪ್ರವಾಹಕ್ಕೆ ದಾರಿಯಾಗುತ್ತಾನೆ. ಸಂಗೀತ ಕೇಳಲು ಬಂದ ತಂಗಿಯೋ ಅಜ್ಜಿಯೋ ಅದನ್ನು ಮುಟ್ಟಬಹುದೆಂಬುದನ್ನು ನೆನೆಯಿರಿ. ಪೆಟ್ಟಿಗೆಗೆ ಅರ್ಥ್, ಟ್ರಾನ್ಸ್‌ಫಾರ್ಮರಿನ ಮೊದಲ ಸುರುಳಿಗೆ ನಿಧಾನವಾಗಿ ಕರಗುವ ಫ್ಯೂಸ್, ಆರಿಸಿದ ಮೇಲೆ ಕೆಪಾಸಿಟರುಗಳನ್ನು ಬರಿದುಮಾಡಲು ತಲಾ ಒಂದು ರೋಧಕ: ಈ ಮೂರನ್ನೂ ಬಿಡಕೂಡದು. ಗೋಡೆಯ ವಿದ್ಯುತ್ತಿಗೆ ಮೊದಲ ಸಲ ಜೋಡಿಸುವಾಗ ಬಲ್ಲವರೊಬ್ಬರು ಪಕ್ಕದಲ್ಲಿರಲಿ.

ನನ್ನ ಸೋದರಳಿಯನು ಎರಡು ಭಾನುವಾರ ಕುಳಿತು ಆ ಪೆಟ್ಟಿಗೆಯನ್ನು ಮತ್ತೆ ಕಟ್ಟಿದನು. ಹೊಸ ಟ್ರಾನ್ಸ್‌ಫಾರ್ಮರು ಬಂದಿತು, ಅರ್ಥ್ ತಂತಿ ತನ್ನ ಜಾಗಕ್ಕೆ ಮರಳಿತು, ನೆಲತಂತಿಗಳು ಒಂದು ಬಿಂದುವಿನಲ್ಲಿ ಕೂಡಿದವು. ಅನಂತರ ಸ್ವಿಚ್ಚು ಹಾಕಿದಾಗ ನಾವಿಬ್ಬರೂ ಸ್ಪೀಕರಿಗೆ ಕಿವಿಯಿಟ್ಟೆವು. "ಮಾವ, ಹತ್ತಿದೆಯೋ ಇಲ್ಲವೋ?" ಎಂದು ಅವನು ಕೇಳಿದನು. ದೀಪ ಉರಿಯುತ್ತಿತ್ತು, ಸದ್ದು ಇರಲಿಲ್ಲ. ಆಮೇಲೆ ತಂಬೂರಿಯೊಂದೇ ಕೇಳಿಸಿತು.